ಪೈಪಿನ ದಾರಿಯ ನೆಂಟ

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಗುಡ್ಡಕ್ಕೂ ಟ್ರೆಕ್ಕಿಂಗ್ ಬಂತು. ಬಣಕಲ್‌ನಲ್ಲಿ ಬಸ್ಸಿಳಿದು, ಬೆನ್ನಿಗೆ ಚೀಲ ಬಿಗಿದುಕೊಂಡು, ದಪ್ಪ ದಪ್ಪ ಬೂಟು ಹಾಕಿಕೊಂಡ ಹುಡುಗರು ನಮ್ಮ ಗೇಟಿನ ಹತ್ತಿರ ನಿಂತು "ಆಂಟಿ, ಮೇಲಕ್ಕೆ ದಾರಿ ಯಾವುದು?" ಎಂದು ಕೇಳುತ್ತಿದ್ದರು. "ಕರಿ ಪೈಪು ಕಾಣ್ತದಲ್ಲ, ಅದನ್ನೇ ಹಿಡ್ಕಂಡು ಹೋಗಿ" ಎನ್ನುತ್ತಿದ್ದೆ. ಹಾಗೆ ಹೇಳುವಾಗೆಲ್ಲ ಒಳಗೆ ಏನೋ ಚುಚ್ಚುತ್ತಿತ್ತು. ಏಕೆಂದರೆ ಅವರಿಗಿಂತ ಎಷ್ಟೋ ಮೊದಲು ಅದೇ ಪೈಪು ಹಿಡಿದು, ಹವಾಯಿ ಚಪ್ಪಲಿಯಲ್ಲಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ಗುಡ್ಡ ಹತ್ತಿದವಳು ನಾನು. ನಾನು ಮಾಡಿದ್ದಕ್ಕೆ ಟ್ರೆಕ್ಕಿಂಗ್ ಅನ್ನುವ ಹೆಸರಿರಲಿಲ್ಲ. ಪೈಪು ನೋಡಿಕೊಂಡು ಬರುವುದು ಎನ್ನುತ್ತಿದ್ದೆವು.

ನಮ್ಮ ಕಡೆ ಗುಡ್ಡದ ಬುಡದ ಮನೆಗಳಿಗೆಲ್ಲ ನೀರು ಬರುವುದು ಹೀಗೆಯೇ. ಮೇಲೆಲ್ಲೋ ಬಂಡೆ ಸಂದಿಯಲ್ಲಿ ಒಂದು ಒರತೆ. ಅದರ ಬಾಯಿಗೆ ಪೈಪು ಸಿಕ್ಕಿಸಿ, ಕಾಫಿ ಗಿಡಗಳ ನಡುವೆ, ಕಾಡಿನ ಅಂಚಿನಲ್ಲಿ, ಹುಲ್ಲಿನ ಮೇಲೆ ಎಳೆದುಕೊಂಡು ಬಂದು ಅಡುಗೆಮನೆಯ ಹಿಂದಿನ ತೊಟ್ಟಿಗೆ ಬಿಡುವುದು. ಕರೆಂಟೂ ಬೇಡ, ಮೋಟಾರೂ ಬೇಡ. ನೀರು ಹಗಲೂ ರಾತ್ರಿ ತೊಟ್ಟಿಗೆ ಬೀಳುತ್ತಲೇ ಇರುತ್ತದೆ, ತುಂಬಿ ಹರಿದದ್ದು ಕಾಫಿ ಸಸಿಗಳ ಪಾತಿಗೆ ಹೋಗುತ್ತದೆ. ಆ ಸದ್ದು ಮನೆಯವರ ಕಿವಿಗೆ ಬೀಳುವುದೇ ಇಲ್ಲ. ಅದು ನಿಂತಾಗ ಮಾತ್ರ ಮನೆಯಲ್ಲಿದ್ದವರೆಲ್ಲ ತಲೆ ಎತ್ತುತ್ತಾರೆ. ದನ ತುಳಿದು ಜಾಯಿಂಟು ಕಳಚಿರುತ್ತದೆ, ಇಲ್ಲವೇ ಎಲೆ ಕಟ್ಟಿರುತ್ತದೆ. ಆಗ ಯಾರಾದರೂ ಪೈಪಿನ ಗುಂಟ ಹತ್ತಬೇಕು.

ತೊಂಬತ್ತರ ದಶಕದ ಕೊನೆಯ ಒಂದು ಕುಯ್ಲಿನ ಕಾಲದಲ್ಲಿ ನನ್ನ ಅತ್ತೆ, ಅಂದರೆ ಗಂಡನ ತಾಯಿ, ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಲ್ಲಿ ರಾಡು ಹಾಕಿ ಕಳಿಸಿದರು. ರಾಡು ಕೂತಿತು, ಅತ್ತೆ ಏಳಲಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ತೊಟ್ಟಿಯ ಕಡೆಗಿದ್ದ ಕಿಟಕಿಯ ಕೆಳಗೆ ಅವರ ಮಂಚ ಹಾಕಿದೆವು. ತಿನ್ನಿಸುವುದು, ಒರೆಸುವುದು, ಹೊರಳಿಸುವುದು, ಬೆಡ್‌ಪ್ಯಾನು ಕೊಡುವುದು ತೆಗೆಯುವುದು, ಎಲ್ಲ ನನ್ನ ಪಾಲಿಗೆ ಬಂತು. ಮನೆಗೆಲಸದ ಹೆಂಗಸು ಮಧ್ಯಾಹ್ನದವರೆಗೆ ಇರುತ್ತಿದ್ದಳು. ನನ್ನ ಗಂಡ ಬೆಳಿಗ್ಗೆ ತೋಟಕ್ಕೆ ಹೋದರೆ ಕತ್ತಲೆಗೆ ಬರುವವರು.

ನಾನೇನು ಸಾಧು ಸ್ವಭಾವದವಳಲ್ಲ. ಮೂಗಿನ ತುದಿಯಲ್ಲೇ ಕೋಪ. ಅತ್ತೆಯೂ ಕಡಿಮೆಯಿಲ್ಲ, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸಾರಿಗೆ ಹುಳಿ ಹೆಚ್ಚಾಯಿತೆಂದು ಇಡೀ ಪಾತ್ರೆಯನ್ನು ಬಚ್ಚಲಿಗೆ ಚೆಲ್ಲಿದ ಹೆಂಗಸು ಅವರು. ಈಗ ಇಬ್ಬರಿಗೂ ಒಂದೇ ಕೋಣೆ. ಅವರು ಬೈಯುವುದನ್ನು ನಿಲ್ಲಿಸಿದ್ದರು, ಅದೇ ನನಗೆ ದೊಡ್ಡ ಕಷ್ಟವಾಗಿತ್ತು. ಬೈದರೆ ತಿರುಗಿ ಒಂದು ಮಾತು ಆಡಬಹುದು. "ಪಾಪ, ನಿಂಗೆ ಎಷ್ಟು ಕೆಲಸ ಮಾರಾಯ್ತಿ" ಎಂದರೆ ಏನು ಮಾಡುವುದು?

ಹಾಗಿರುವಾಗ ಒಂದು ಮಧ್ಯಾಹ್ನ ನೀರು ನಿಂತಿತು. ಗಂಡ ತೋಟದ ಇನ್ನೊಂದು ತುದಿಯಲ್ಲಿದ್ದರು. "ನಾನೇ ನೋಡ್ಕಂಡು ಬತ್ತೀನಿ ಅತ್ತೆ" ಎಂದೆ. "ಹೋಗ್ಬಾ, ಹುಷಾರು" ಎಂದರು. ಕಾಫಿ ಗಿಡಗಳನ್ನು ದಾಟಿ, ಕಾಡಿನ ಅಂಚು ದಾಟಿ, ಬೋಳು ಗುಡ್ಡದ ಹುಲ್ಲಿಗೆ ಕಾಲಿಟ್ಟಾಗ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಕೆಳಗೆ ನಮ್ಮ ಮನೆಯ ಹಂಚು ಮಾತ್ರ ಕಾಣುತ್ತಿತ್ತು. ಫಿನಾಯಿಲು, ಎಣ್ಣೆ, ಒದ್ದೆ ಬಟ್ಟೆಯ ವಾಸನೆ ಇಲ್ಲದ ಗಾಳಿಯನ್ನು ಎಷ್ಟೋ ದಿನದ ಮೇಲೆ ಕುಡಿದೆ. ಒರತೆಯ ಹತ್ತಿರದ ಜಾಯಿಂಟು ಕಳಚಿತ್ತು. ಸಿಕ್ಕಿಸಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಬಿಸಿಲು ಕಾದ ಬಂಡೆಯ ಮೇಲೆ ಕೂತೆ.

ಆಗ ಅದು ಕಾಣಿಸಿತು. ಕರಿ ಪೈಪಿನ ಮೇಲೆ ಬಿಸಿಲು ಕಾಯಿಸುತ್ತಾ ಒಂದು ಸಣ್ಣ ಓತಿ. ಬೆರಳುದ್ದದ ಮೈ, ಅದಕ್ಕಿಂತ ಉದ್ದದ ಬಾಲ. ನನ್ನನ್ನು ನೋಡಿ ಓಡಲಿಲ್ಲ. ಮುಂಗಾಲು ಊರಿ ಗರಡಿ ಮನೆಯವರ ಹಾಗೆ ದಂಡ ಹೊಡೆಯಿತು. ಒಂದು ಸಲ ಹೊಡೆದು ನನ್ನನ್ನು ನೋಡುವುದು, ಮತ್ತೆ ಹೊಡೆಯುವುದು. "ಅಯ್ಯೋ ನಿನ್ನ ಗತ್ತೇ!" ಎಂದು ಗಟ್ಟಿಯಾಗಿ ನಕ್ಕೆ. ನಕ್ಕ ಮೇಲೆ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆ ಮನೆಯಲ್ಲಿ ನಗದೆ ಎಷ್ಟು ಕಾಲವಾಗಿತ್ತೋ.

ಇಳಿದು ಬರುವಾಗ ಏನೋ ಹಾಡು ಗುನುಗುತ್ತಾ ಬಂದೆ. ಕೋಣೆಯ ಬಾಗಿಲಿಗೆ ಬಂದಾಗ ಮಂಚದ ಮೇಲೆ ಅತ್ತೆ ಕಂಡರು. ನಾನು ಹೋಗುವಾಗ ಯಾವ ಮಗ್ಗುಲಿಗೆ ಹೊರಳಿಸಿದ್ದೆನೋ ಅದೇ ಮಗ್ಗುಲಲ್ಲಿ ಇದ್ದರು. ಹಾಡು ನಿಲ್ಲಿಸಿದೆ. ನಾನು ಖುಷಿಯಾಗಿದ್ದೆ, ಅವರು ಅಲ್ಲೇ ಇದ್ದರು. ಆ ನಾಚಿಕೆಯನ್ನು ಹೇಗೆ ಹೇಳಲಿ, ಹಸಿದವರ ಎದುರಿಗೆ ಬಾಯಿ ಒರೆಸಿಕೊಂಡು ಬಂದ ಹಾಗಾಯಿತು.

ಆದರೂ ಮರುದಿನ ಕಿವಿ ತೊಟ್ಟಿಯ ಕಡೆಗೇ ಇತ್ತು. ನೀರು ನಿಲ್ಲಬಾರದೇ ಎಂದು!

ನಿಂತಿತು, ಕೆಲವು ದಿನ ಬಿಟ್ಟು. ಹೋದೆ. ಓತಿ ಅಲ್ಲೇ ಇತ್ತು. ನಾನು ಅಲುಗಾಡದೆ ಕೂತರೆ ಹತ್ತಿರ ಬರುತ್ತದೆ ಎಂದು ಗೊತ್ತಾಯಿತು. ಒರತೆಯಲ್ಲಿ ಕೈ ಅದ್ದಿ ಬಂಡೆಯ ಮೇಲೆ ಹನಿ ಚಿಮುಕಿಸಿದರೆ ಬಂದು ಒಂದೊಂದೇ ಹನಿ ನೆಕ್ಕುತ್ತಿತ್ತು. ಒಣಗಿದ ಕೊಂಬೆ ಮುರಿದು ಗೆದ್ದಲಿನ ಮಣ್ಣು ಕೆದಕಿ ಇಟ್ಟರೆ ಆ ದಿನ ಅದಕ್ಕೆ ಹಬ್ಬ. ದಾರಿಯಲ್ಲಿ ತರಗೆಲೆಗಳ ನಡುವೆ ಹಾವುರಾಣಿಗಳೂ ಸಿಗುತ್ತಿದ್ದವು, ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುವ ಮೈ. ಹಾವುರಾಣಿ ಕಚ್ಚಿದರೆ ಮದ್ದಿಲ್ಲ ಎಂದು ತವರಿನಲ್ಲಿ ಹೆದರಿಸಿ ಬೆಳೆಸಿದ್ದರು. ನಾನು ಕಂಡ ಹಾವುರಾಣಿಗಳಿಗೆ ಕಚ್ಚುವಷ್ಟು ಪುರುಸೊತ್ತು ಇರಲಿಲ್ಲ, ಸರಕ್ಕೆಂದು ಎಲೆಯಡಿಗೆ ಹೋಗಿ, ಮತ್ತೆ ಮೂತಿ ಮಾತ್ರ ಹೊರಗಿಟ್ಟು ನೋಡುತ್ತಿದ್ದವು. ಅವುಗಳಿಗೂ ಒಂದು ಮಾತು ಹೇಳಿ ಮುಂದೆ ಹೋಗುತ್ತಿದ್ದೆ. ಒಂದು ದಿನ ಆ ಓತಿ ಬಂಡೆಯಿಂದ ನನ್ನ ಎಡಗಾಲಿನ ಮೇಲೆ ಹತ್ತಿತು. ಹತ್ತಿ, ಪಾದದ ಬೆನ್ನ ಮೇಲೆ ಕೂತು, ಅಲ್ಲಿಯೂ ಒಂದು ದಂಡ ಹೊಡೆಯಿತು. ಉಸಿರು ಬಿಗಿಹಿಡಿದು ಕೂತೆ. ನನ್ನಿಂದ ಏನೂ ಬೇಡದೆ ನನ್ನ ಮೈ ಮುಟ್ಟಿದ ಜೀವ ಆ ದಿನಗಳಲ್ಲಿ ಅದೊಂದೇ.

ಆ ಮೇಲೆ ನಮ್ಮ ಪೈಪು ಕಳಚುವುದು ಹೆಚ್ಚಾಯಿತು. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಹಾಗೆ. ನಾನೇ ಕಿತ್ತು ಹಾಕುತ್ತಿದ್ದೆ ಎಂದಲ್ಲ. ಸೈಕಲ್ ಟ್ಯೂಬನ್ನು ಇನ್ನೊಂದು ಸುತ್ತು ಸುತ್ತಬಹುದಾಗಿದ್ದ ಕಡೆ ಸುತ್ತುತ್ತಿರಲಿಲ್ಲ, ಅಷ್ಟೆ. ನೀರಿನ ಒತ್ತಡಕ್ಕೆ ಅದು ನಾಲ್ಕೈದು ದಿನ ತಡೆದು, ಆಮೇಲೆ ತಾನಾಗಿ ಕಳಚಿಕೊಳ್ಳುತ್ತಿತ್ತು. ತಾನಾಗಿ ಕಳಚಿದ್ದಕ್ಕೆ ನಾನು ಹೊಣೆಯೇ? ಹೀಗೆ ನನಗೆ ನಾನೇ ವಕೀಲಿ ಮಾಡಿಕೊಳ್ಳುತ್ತಿದ್ದೆ.

ಒಂದು ರಾತ್ರಿ ಊಟದ ಹೊತ್ತಿಗೆ ಗಂಡ, "ಇದೆಂತ ಪೈಪು ಮಾರಾಯ್ತಿ, ವಾರ ವಾರ ಕಳಚ್ತದೆ? ಮೂಡಿಗೆರೆಗೆ ಹೋದಾಗ ಹೊಸ ಜಾಯಿಂಟು ತತ್ತೀನಿ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ತಟ್ಟನೆ, "ದನ ತುಳಿದ್ರೆ ಹೊಸದೇನು ಹಳೇದೇನು?" ಎಂದು ಸಿಡುಕಿದೆ. ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. "ಹೌದು ಕಣೋ, ದನ ಜಾಸ್ತಿಯಾಗಿದಾವೆ ಈ ವರ್ಷ. ಅವಳು ಹೋಗಿ ಸರಿ ಮಾಡ್ತಾಳಲ್ಲ, ನಿಂಗೆಂತ ತೊಂದ್ರೆ?" ಮಂಚದಲ್ಲಿ ಮಲಗಿದವರಿಗೆ ಗುಡ್ಡದ ಮೇಲಿನ ದನದ ಲೆಕ್ಕ ಎಲ್ಲಿಂದ ಸಿಕ್ಕಿತು ಎಂದು ನಾನು ಆಗ ಯೋಚಿಸಲಿಲ್ಲ. ಬಚಾವಾದೆ ಎಂದುಕೊಂಡೆ.

ಮಾರನೆಯ ದಿನವೋ ಏನೋ, ಅವರ ತಲೆ ಬಾಚುತ್ತಾ, ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. "ಅತ್ತೆ, ಹಲ್ಲಿ ಮೈಮೇಲೆ ಬಿದ್ರೆ ಫಲ ಅಂತ ಪಂಚಾಂಗದಲ್ಲಿ ಇರ್ತದಲ್ಲ, ಓತಿ ಹತ್ತಿದ್ರೂ ಇದ್ಯಾ?"

"ಇದೆ. ಯಾರಿಗೆ ಹತ್ತಿತು?"

"ಯಾರಿಗೋ. ಕೆಲಸದವ್ರು ಮಾತಾಡ್ತಿದ್ರು."

"ಎಲ್ಲಿಗೆ ಹತ್ತಿತಂತೆ?"

"ಕಾಲಿಗೆ."

ತಲೆಯ ಹಿಂದೆ ಕೂತಿದ್ದ ನನಗೆ ಅತ್ತೆಯ ಮುಖ ಕಾಣುತ್ತಿರಲಿಲ್ಲ. "ಕಾಲಿಗೆ ಹತ್ತಿದ್ರೆ ತಿರುಗಾಟ ಅಂತಾರೆ. ಆದ್ರೆ ಓತಿ ಕಾಲು ಹತ್ಬೇಕು ಅಂದ್ರೆ, ಆ ಹೆಂಗ್ಸು ಗುಡ್ಡದ ಮೇಲೆ ಅಲುಗಾಡ್ದೆ ಕೂತಿರ್ಬೇಕಲ್ಲ? ಅವಳಿಗೆ ಮೊದ್ಲೇ ತಿರುಗಾಟ ಹತ್ತಿದೆ ಬಿಡು."

ನಾನು ಹೆಂಗಸು ಎಂದೂ ಹೇಳಿರಲಿಲ್ಲ, ಗುಡ್ಡ ಎಂದೂ ಹೇಳಿರಲಿಲ್ಲ. ಬಾಚಣಿಗೆ ಕೈಯಲ್ಲೇ ನಿಂತಿತು. ಬೇಗ ಬೇಗ ಜಡೆ ಹೆಣೆದು ಮುಗಿಸಿ ಎದ್ದೆ. ಅವರಿಗೆ ಗೊತ್ತಾಗಿದೆಯೋ, ಬರೀ ತಮಾಷೆಯೋ ಎಂದು ತಲೆ ಕೆಡಿಸಿಕೊಂಡೆ. ಕೊನೆಗೆ ತಮಾಷೆಯೇ ಇರಬೇಕು ಎಂದುಕೊಂಡೆ. ನನಗೆ ಬೇಕಾಗಿದ್ದದ್ದೂ ಅದೇ ಉತ್ತರ.

ಆಮೇಲೆ ಬಂದದ್ದು ಬೇಸಿಗೆಯ ಆ ದಿನ. ಕಾಫಿ ಹೂವಿಗೆ ಒಂದು ಮಳೆ ಬೀಳಲಿ ಎಂದು ಎಲ್ಲರೂ ಆಕಾಶ ನೋಡುತ್ತಿದ್ದ ಹೊತ್ತು. ಒರತೆಯ ನೀರು ಸಣಕಲಾಗಿತ್ತು. ಮನೆಗೆಲಸದ ಹೆಂಗಸು ನೆಂಟರ ಮನೆಗೆಂದು ಕಳಸಕ್ಕೆ ಹೋಗಿದ್ದಳು. ಬೆಳಿಗ್ಗೆ ನಾನೇ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು ತೊಟ್ಟಿಯ ತಳ ಕಾಣಿಸಿದ್ದೆ. ಮಧ್ಯಾಹ್ನ ನೀರು ನಿಂತಿತು. ತೊಟ್ಟಿ ಮತ್ತೆ ತುಂಬುವ ಮೊದಲೇ ಜಾಯಿಂಟು ಕಳಚಿತ್ತು, ಅದನ್ನು ಸಡಿಲ ಬಿಟ್ಟವರು ಯಾರು ಎಂದು ನನಗೆ ಗೊತ್ತಿತ್ತು. "ಪೈಪು ನೋಡಿ ಬತ್ತೀನಿ" ಎಂದೆ. ಅತ್ತೆ ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ನಾನು ಕೇಳಿಸಿಕೊಳ್ಳುವಷ್ಟು ಹೊತ್ತು ನಿಲ್ಲಲಿಲ್ಲ.

ಮೇಲೆ ಓತಿಯ ಗಂಟಲು ಕೆಂಪಾಗಿತ್ತು. ಬಂಡೆಯ ಆಚೆ ಇನ್ನೊಂದು ಇತ್ತು, ಬಣ್ಣವಿಲ್ಲದ್ದು, ಇವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇವನ ದಂಡ ಏನು, ತಲೆ ಆಡಿಸುವುದೇನು! "ಬಿಡೋ ಮಾರಾಯ, ಅವಳಿಗೆ ನೀನು ಬೇಡ್ವಂತೆ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಬಿಸಿಲು ಪಕ್ಕದ ಗುಡ್ಡದ ಹಿಂದಕ್ಕೆ ಹೋದ ಮೇಲೆ ಎಚ್ಚರವಾಯಿತು. ಗಡಬಡಿಸಿ ಜಾಯಿಂಟು ಸಿಕ್ಕಿಸಿ ಓಡಿದೆ.

ಆ ಗಡಿಬಿಡಿಯಲ್ಲಿ ಒಂದು ಕೆಲಸ ಮರೆತಿದ್ದೆ. ಪೈಪು ಬಹಳ ಹೊತ್ತು ಖಾಲಿಯಿದ್ದರೆ ಒಳಗೆ ಗಾಳಿ ಹಿಡಿಯುತ್ತದೆ. ಕೆಳಗಿನ ಜಾಯಿಂಟಿಗೆ ಬಾಯಿ ಹಚ್ಚಿ ಎಳೆದು ಗಾಳಿ ಬಿಡಿಸದಿದ್ದರೆ ನೀರು ಇಳಿಯುವುದಿಲ್ಲ. ಮನೆಗೆ ಬಂದಾಗ ತೊಟ್ಟಿ ಒಣಗಿತ್ತು, ಪೈಪು ಸುಮ್ಮನಿತ್ತು.

ಕೋಣೆಯ ವಾಸನೆ ಬಾಗಿಲಲ್ಲೇ ಬಂತು. ಅತ್ತೆಗೆ ಹೊಟ್ಟೆ ಕೆಟ್ಟಿತ್ತು. ಹಾಸಿಗೆಯಲ್ಲೇ ಆಗಿತ್ತು. ತಾವೇ ಒರೆಸಿಕೊಳ್ಳಲು ನೋಡಿದ್ದರು, ಕೈ, ಸೀರೆ, ಗೋಡೆ ಎಲ್ಲ ಆಗಿತ್ತು. ಪಕ್ಕದ ಸ್ಟೂಲಿನ ಮೇಲಿದ್ದ ಚೊಂಬು ಕೆಳಗೆ ಉರುಳಿ ಇದ್ದ ನಾಲ್ಕು ಗುಟುಕು ನೀರೂ ಚೆಲ್ಲಿತ್ತು. ಸಾರಿನ ಪಾತ್ರೆಯನ್ನೇ ಬಚ್ಚಲಿಗೆ ಚೆಲ್ಲಿದ ಹೆಂಗಸು, ಕೊಳಕಾದ ಕೈಯನ್ನು ಮೈಗೆ ತಾಗದ ಹಾಗೆ ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು, ಮಗುವಿನ ಹಾಗೆ ಮುಖ ಗೋಡೆಗೆ ತಿರುಗಿಸಿ ಮಲಗಿದ್ದರು. ಎಷ್ಟು ಹೊತ್ತಿನಿಂದ ಹಾಗೆ ಹಿಡಿದಿದ್ದರೋ. ತೋಳು ನಡುಗುತ್ತಿತ್ತು.

ಬಚ್ಚಲ ಹಂಡೆಯ ತಳದಲ್ಲಿ ಒಂದಿಷ್ಟೇ ನೀರಿತ್ತು. ಕೊನೆಗೆ ಕುಡಿಯುವ ನೀರಿನ ಕೊಡವನ್ನೇ ತಂದೆ. "ಕುಡಿಯೋ ನೀರು ಕಣೇ" ಎಂದರು ಅತ್ತೆ, ಗೋಡೆಯ ಕಡೆಗೇ. "ಇರ್ಲಿ ಅತ್ತೆ" ಎಂದೆ. ಮೊದಲು ಆ ಕೈ ತೊಳೆದೆ. ಬೆರಳು ಬೆರಳಿನ ಸಂದಿ ತೊಳೆದೆ. ಅವರು ಬೈಯಲಿ, ಒಂದು ಸಲ ಬಾಯಿ ತುಂಬ ಬೈಯಲಿ ಎಂದು ಕಾಯುತ್ತಿದ್ದೆ. ಒರೆಸಿ, ಸೀರೆ ಬದಲಿಸಿ, ಹೊಸ ಬಟ್ಟೆ ಹಾಸಿ, ಅವರನ್ನು ನನ್ನ ಕಡೆಗೆ ಹೊರಳಿಸಿದೆ. ಆಗ ಅವರು ನನ್ನ ಮುಖ ನೋಡಿ, ಮೆತ್ತಗೆ ಕೇಳಿದರು.

"ಬಂದಿದ್ನಾ ನಿನ್ನ ನೆಂಟ?"

ನಾನು ಕೊಡ ಎತ್ತಿಕೊಂಡು ಹೊರಗೆ ಹೋಗಿ, ಒಣಗಿದ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂದು ಗಾದೆ ಇದೆ. ಇಷ್ಟು ದಿನ ನನ್ನ ಕಳ್ಳಾಟಕ್ಕೆ ಸಾಕ್ಷಿ ನಿಂತು, ಮಗನ ಎದುರು ಸುಳ್ಳು ಹೇಳಿ ಕಾಪಾಡಿದವರು ಹಾಸಿಗೆ ಹಿಡಿದ ಆ ಹೆಂಗಸು. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ "ಹೋಗ್ಬಾ" ಎಂದಿದ್ದರು. ಆ ದಿನ ಬಾಯಿ ತೆರೆದದ್ದು ಬೆಡ್‌ಪ್ಯಾನು ಕೇಳಲಿಕ್ಕೆ ಎಂದು ನನಗೆ ಆಗ ಹೊಳೆಯಿತು.

ಮಾರನೆಯ ದಿನ ಬೆಳಕು ಹರಿಯುತ್ತಲೇ ಗುಡ್ಡ ಹತ್ತಿ, ಪ್ರತಿ ಜಾಯಿಂಟಿಗೂ ಹೊಸ ಟ್ಯೂಬು ಸುತ್ತಿ ಮೇಲೆ ತಂತಿ ಬಿಗಿದೆ. ಬಿಸಿಲು ಏರಿರಲಿಲ್ಲ, ಓತಿಗಳು ಯಾವುವೂ ಹೊರಗೆ ಬಂದಿರಲಿಲ್ಲ. ಅದೇ ಒಳ್ಳೆಯದಾಯಿತು. ಆ ಮೇಲೆ ದನವಲ್ಲ, ಆನೆ ತುಳಿದರೂ ಕಳಚದ ಹಾಗೆ ಆಯಿತು ನಮ್ಮ ಪೈಪು. ಗಂಡ "ಈಗ ನೋಡು!" ಎಂದು ಹೊಗಳಿದರು. ಹೊಗಳಿಕೆ ಬೆನ್ನಿಗೆ ಬರೆ ಹಾಕಿದ ಹಾಗಿತ್ತು.

ಎರಡು ತಿಂಗಳ ಹತ್ತಿರ ನಾನು ಅಂಗಳ ಬಿಟ್ಟು ಕದಲಲಿಲ್ಲ. ಅತ್ತೆಯ ಸೇವೆಯನ್ನು ವ್ರತದ ಹಾಗೆ ಮಾಡಿದೆ. ಆದರೆ ನನ್ನ ಮೂತಿ ನನಗೇ ಗೊತ್ತಾಗುತ್ತಿತ್ತು. ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಗಂಡನ ಮೇಲೆ ಹರಿಹಾಯುತ್ತಿದ್ದೆ. ಕೆಲಸದ ಹೆಂಗಸು ನನ್ನ ನೆರಳು ಕಂಡರೆ ದೂರ ಸರಿಯುತ್ತಿದ್ದಳು. ಅತ್ತೆಗೆ ಮಾತ್ರ ಒಂದು ಗಡಸು ಮಾತೂ ಆಡುತ್ತಿರಲಿಲ್ಲ, ಆದರೆ ಮೆತ್ತಗಿನ ಮಾತೂ ಬಾಯಿಗೆ ಬರುತ್ತಿರಲಿಲ್ಲ. ಅವರನ್ನು ಹೊರಳಿಸುವಾಗ ನನ್ನ ಕೈ ಮರದ ಕೈಯಾಗಿತ್ತು. ಅವರು ನನ್ನನ್ನೇ ನೋಡುತ್ತಾ ಮಲಗಿರುತ್ತಿದ್ದರು.

ಒಂದು ಮಧ್ಯಾಹ್ನ ಅನ್ನ ತಿನ್ನಿಸಿ ಬಾಯಿ ಒರೆಸುತ್ತಿದ್ದೆ. ಹೂಮಳೆಯೂ ಅದರ ಬೆನ್ನಿಗೆ ಬರುವ ಮಳೆಯೂ ಆಗಿ ಒರತೆ ಚೆನ್ನಾಗಿ ಮೇಲೆದ್ದಿತ್ತು. ಕಿಟಕಿಯ ಆಚೆ ತೊಟ್ಟಿಗೆ ನೀರು ದಬದಬ ಬೀಳುತ್ತಿತ್ತು.

"ನೀರು ನಿಂತಂಗದೆ ಕಣೇ" ಎಂದರು ಅತ್ತೆ.

ನಾನು ಅವರ ಮುಖ ನೋಡಿದೆ. "ಇಲ್ಲ ಅತ್ತೆ. ಬೀಳ್ತಿದೆಯಲ್ಲ. ಕೇಳಲ್ವಾ?"

"ನಂಗೆ ಕಾಲು ಹೋಗಿರೋದು, ಕಿವಿ ಹೋಗಿಲ್ಲ. ನಿಂತದೆ ಅಂದ್ರೆ ನಿಂತದೆ."

"ಅತ್ತೆ..."

"ಎದುರು ಮಾತಾಡ್ಬೇಡ!" ಸೊಂಟ ಮುರಿದ ಮೇಲೆ ಮೊದಲ ಸಲ ಅವರ ಹಳೆಯ ದನಿ ಕೇಳಿದೆ. "ಬೆಡ್‌ಪ್ಯಾನು ಕೊಟ್ಟು, ತೆಗ್ದು, ಚೊಂಬು ನನ್ನ ಕೈಗೆ ಸಿಗೋ ಹಂಗೆ ಇಟ್ಟು, ಹೋಗಿ ಪೈಪು ನೋಡ್ಕಂಡು ಬಾ. ಈ ಮೂತಿ ನೋಡಿ ನೋಡಿ ಸಾಕಾಗಿದೆ ನಂಗೆ."

ಅವರು ಹೇಳಿದಂತೆ ಎಲ್ಲ ಮಾಡಿಟ್ಟು ಹೊರಟೆ. ಪೈಪಿನ ಗುಂಟ ಹತ್ತುವಾಗ ಒಳಗೆ ಹರಿಯುವ ನೀರು ಕೈಗೆ ತಣ್ಣಗೆ ತಾಗುತ್ತಿತ್ತು. ಮೇಲೆ ಬಂಡೆ ಬೆಚ್ಚಗಿತ್ತು. ಹನಿ ಚಿಮುಕಿಸಿದೆ, ಗೆದ್ದಲು ಕೆದಕಿ ಇಟ್ಟೆ, ಅಲುಗಾಡದೆ ಕೂತೆ. ಓತಿ ಬರಲಿಲ್ಲ. ಹಾವೋ ಹದ್ದೋ ತಿಂದಿತೋ, ಬೇರೆ ಬಂಡೆ ಹಿಡಿಯಿತೋ, ದೇವರೇ ಬಲ್ಲ. ಬಂದಿದ್ದರೂ ನಗಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ. ಗಾಳಿಯಲ್ಲಿ ಎತ್ತಿ ಹಿಡಿದ ಆ ಕೈಯೇ ಕಣ್ಣ ಮುಂದಿತ್ತು. ಬೇಗ ಇಳಿದುಬಿಟ್ಟೆ.

"ಇಷ್ಟು ಬೇಗ ಎಂತಕ್ಕೆ ಬಂದೆ?" ಅತ್ತೆ ಗದರಿದರು. ಆಮೇಲೆ ಕತ್ತು ನನ್ನ ಕಡೆಗೆ ತಿರುಗಿಸಿ, "ಬಂದಿದ್ನಾ?" ಎಂದರು.

"ಬಂದಿದ್ದ ಅತ್ತೆ."

"ಎಂತ ಮಾಡ್ದ?"

ಮಂಚದ ಅಂಚಿನಲ್ಲಿ ಕೂತೆ. ಅವರ ಆ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. "ದಂಡ ಹೊಡ್ದ. ಆಮೇಲೆ ಮೆಲ್ಲಗೆ ಬಂದು ನನ್ನ ಕಾಲು ಹತ್ದ" ಎಂದು ಶುರು ಮಾಡಿದೆ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊರಗೆ ತೊಟ್ಟಿ ತುಂಬಿ ನೀರು ಸಸಿಯ ಪಾತಿಗೆ ಹರಿಯುತ್ತಿತ್ತು.